ಘಟ್ಟ ಇಳಿದು ಕಡಲಿಗೆ ಹೋಗುವ ಸೈಕಲ್ ದಾರಿಯನ್ನು ನಾನು ಹೇಗೆ ಹಾಕಿಕೊಳ್ಳುತ್ತೇನೆ

ಬೆಟ್ಟದಿಂದ ಕಡಲಿಗೆ ಹೊರಟ ನನ್ನ ಮೊದಲ ಸವಾರಿ ಕೆಟ್ಟದ್ದು ಬೆಟ್ಟದಲ್ಲಲ್ಲ, ಬಯಲಲ್ಲಿ. ನಾಲ್ಕು ದಿನ ಘಟ್ಟ ಹತ್ತಿ ಇಳಿದ ಮೇಲೆ ಕೊನೆಯ ದಿನಕ್ಕೆ ಉಳಿದದ್ದು ಬರೀ 38 ಕಿಲೋಮೀಟರ್, ಅದೂ ಅಂಗೈಯಂಥ ಸಪಾಟು ರಸ್ತೆ. ನೋಟ್‌ಬುಕ್ಕಿನಲ್ಲಿ ಆ ದಿನದ ಎದುರು ‘ಆರಾಮ’ ಎಂದು ಬರೆದು ಕೆಳಗೊಂದು ಗೆರೆ ಬೇರೆ ಎಳೆದಿದ್ದೆ. ತಡವಾಗಿ ಎದ್ದೆ, ಹೊಟ್ಟೆ ತುಂಬ ತಿಂದೆ, ಹನ್ನೆರಡೂವರೆಗೆ ಹೊರಟೆ. ಒಂದು ಗಂಟೆಯ ಹೊತ್ತಿಗೆ ಎದುರಿನಿಂದ ಗಾಳಿ ಶುರುವಾಯಿತು. ಎರಡಕ್ಕೆ ಅದು ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ಕಣ್ಣಿಗೆ ರಸ್ತೆ ಸಪಾಟು, ಕಾಲಿಗೆ ಮಾತ್ರ ಘಟ್ಟ. ಗಂಟೆಗೆ 11 ಕಿ.ಮೀ. ದಾಟಲಿಲ್ಲ. ಮೂರೂವರೆ ಗಂಟೆ ತುಳಿದು ಕಡಲು ಕಂಡಾಗ ವಾಪಸ್ ಹೋಗಬೇಕಿದ್ದ ರೈಲು ಹೊರಟುಹೋಗಿತ್ತು.

ಅದು ದುರದೃಷ್ಟವಲ್ಲ, ನನ್ನ ಅಜ್ಞಾನ. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಓದಿದ ಕಡಲಗಾಳಿಯೇ ಇದು. ಬಿಸಿಲ ದಿನಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಕೊನೆಯ ಭಾಗದಲ್ಲಿ ಎದ್ದು ಮಧ್ಯಾಹ್ನ ಜೋರಾಗುತ್ತದೆ. ಕಡಲಿನ ಕಡೆಗೆ ಹೋಗುವವನ ಮುಖಕ್ಕೇ ಅದು ಬಡಿಯುವುದು. ಬೆಟ್ಟದ ಕಣಿವೆಗಳಲ್ಲೂ ಇದೇ ಕಥೆ: ಹಗಲು ಗಾಳಿ ಕಣಿವೆಯಿಂದ ಮೇಲಕ್ಕೆ, ರಾತ್ರಿ ಮೇಲಿನಿಂದ ಕೆಳಕ್ಕೆ. ಎಂದರೆ ಮಧ್ಯಾಹ್ನದ ಮೇಲೆ ಕಣಿವೆ ಇಳಿಯುತ್ತ ಹೋಗುವವನಿಗೆ ಇಳಿಜಾರಿನ ಅರ್ಧ ಸುಖ ಗಾಳಿಯ ಪಾಲು. ಬೆಳಗಿನ ಆರು ಗಂಟೆಗೆ ಅದೇ ರಸ್ತೆಯಲ್ಲಿ ಗಾಳಿ ಸತ್ತಿರುತ್ತದೆ, ಅದೃಷ್ಟವಿದ್ದರೆ ಬೆನ್ನಿಗಿರುತ್ತದೆ.

ಅಂದಿನಿಂದ ನಾನು ದಾರಿಯ ಲೆಕ್ಕವನ್ನು ಕಡಲಿನಿಂದ ಹಿಂದಕ್ಕೆ ಹಾಕುತ್ತೇನೆ.

ಮೊದಲು ಮುಗಿಯುವ ಜಾಗ

ಹೊಸಬರು ನಕ್ಷೆ ಬಿಚ್ಚಿದ ಕೂಡಲೇ ಹುಡುಕುವುದು ಎಲ್ಲಿಂದ ಹೊರಡುವುದು, ಯಾವ ಘಟ್ಟ ಹತ್ತುವುದು ಎಂದು. ನಾನು ಹುಡುಕುವುದು ಸೈಕಲ್ ಸಮೇತ ಮನೆಗೆ ವಾಪಸ್ ಹೋಗಲು ಗಾಡಿ ಎಲ್ಲಿ ಸಿಗುತ್ತದೆ ಎಂದು. ಕಡಲ ದಂಡೆ ನೂರಾರು ಕಿಲೋಮೀಟರ್ ಉದ್ದ ಇರಬಹುದು, ಸೈಕಲ್ ಹತ್ತಿಸಿಕೊಳ್ಳುವ ರೈಲೋ ಬಸ್ಸೋ ಇರುವ ಊರು ಎರಡೋ ಮೂರೋ. ಸೈಕಲ್ಲನ್ನು ಇದ್ದ ಹಾಗೇ ಹತ್ತಿಸಬಹುದೋ, ಚಕ್ರ ಬಿಚ್ಚಿ ಚೀಲಕ್ಕೆ ಹಾಕಬೇಕೋ, ಮುಂಗಡ ಬುಕ್ ಮಾಡಬೇಕೋ ಎಂಬುದನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಆ ಊರು ಗಟ್ಟಿಯಾದ ಮೇಲೆ ದಾರಿಯ ಬಾಲ ಸಿಕ್ಕಂತೆ.

ಕೊನೆಯ ದಿನ ಹನ್ನೊಂದು ಗಂಟೆಯೊಳಗೆ ಅಲ್ಲಿಗೆ ಮುಟ್ಟಬೇಕು, ಗಾಡಿ ಮಾತ್ರ ಮರುದಿನದ್ದಿರಬೇಕು. ಈ ಎರಡನ್ನು ಯಾರು ಏನೇ ಹೇಳಿದರೂ ನಾನು ಸಡಿಲಿಸುವುದಿಲ್ಲ. ನಡುವೆ ಸಿಗುವ ಅರ್ಧ ದಿನ ದಂಡವಲ್ಲ. ಬೆಟ್ಟದಲ್ಲಿ ಮಳೆ ಹಿಡಿದು ಒಂದು ದಿನ ಕೂರಬೇಕಾಗಿ ಬಂದರೆ ಅದನ್ನು ನುಂಗಿಕೊಳ್ಳುವುದು ಇದೇ ಅರ್ಧ ದಿನ. ಮಳೆ ಬಾರದಿದ್ದರೆ ಕಡಲಿನಲ್ಲಿ ಕಾಲು ಅದ್ದಿಕೊಂಡು ಕೂರಬಹುದು, ನಷ್ಟವೇನಿಲ್ಲ.

ದಂಡೆಯ ಗುಂಟ ಒಂದು ದಿನ ಓಡಿಸುವ ಆಸೆಯಿದ್ದರೆ, ಆ ರಸ್ತೆ ಸಪಾಟಾಗಿರುತ್ತದೆ ಎಂದು ತಿಳಿಯಬೇಡಿ. ನದಿ ಕಡಲು ಸೇರುವಲ್ಲೆಲ್ಲ ರಸ್ತೆ ಇಳಿಯುತ್ತದೆ, ಎರಡು ಅಳಿವೆಗಳ ನಡುವಿನ ಗುಡ್ಡಕ್ಕೆ ಮತ್ತೆ ಹತ್ತುತ್ತದೆ. ಮೂವತ್ತು ನಲವತ್ತು ಮೀಟರ್‌ನ ಇಂಥ ದಿಬ್ಬಗಳಿಗೆ ನಕ್ಷೆಯಲ್ಲಿ ಹೆಸರೂ ಇರುವುದಿಲ್ಲ. ಇಪ್ಪತ್ತು ಸಲ ಬಂದರೆ ಒಂದು ಘಟ್ಟವೇ ಆಯಿತು. ಇನ್ನೊಂದು ಸಣ್ಣ ವಿಷಯ: ಎಡಬದಿಯಲ್ಲಿ ಓಡಿಸುವ ದೇಶವಾದರೆ ಕಡಲು ಎಡಕ್ಕಿರುವಂತೆ ದಿಕ್ಕು ಆರಿಸಿ. ನೀರಿಗೂ ನಿಮಗೂ ನಡುವೆ ಲಾರಿ ಬರುವುದಿಲ್ಲ.

ಕಿಲೋಮೀಟರ್ ನಂಬಬೇಡಿ

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಕ್ಷೆಯಲ್ಲಿ ಅದು ಇನ್ನೂ ನುಣ್ಣಗೆ. ಬೆಟ್ಟದಿಂದ ಕಡಲಿಗೆ ಹೋಗುವುದೆಂದರೆ ಇಳಿಯುವುದೇ ತಾನೆ ಎನ್ನುವವರಿಗೆ ನಾನು ಆಲ್ಪ್ಸ್‌ನ ಒಂದು ದಾರಿ ತೋರಿಸುತ್ತೇನೆ. ಜಿನೀವಾ ಸರೋವರದ ದಂಡೆಯ ಥೋನೋನ್‌ನಿಂದ ಹೊರಟು ಮೆಡಿಟರೇನಿಯನ್ ದಂಡೆಯ ನೀಸ್ ಮುಟ್ಟುವ ‘ರೂಟ್ ದೆ ಗ್ರಾಂದ್ ಆಲ್ಪ್’, ಸುಮಾರು 700 ಕಿ.ಮೀ. ಆ ಸರೋವರ ಸಮುದ್ರ ಮಟ್ಟದಿಂದ 372 ಮೀಟರ್ ಎತ್ತರದಲ್ಲಿದೆ. ಹೊರಟಲ್ಲಿಂದ ಮುಟ್ಟುವಲ್ಲಿಗೆ ನಿವ್ವಳ ಇಳಿತ ಅಷ್ಟೇ. ನಡುವೆ ಮಾತ್ರ 2,764 ಮೀಟರ್‌ನ ಇಸೆರಾನ್, 2,642 ಮೀಟರ್‌ನ ಗಾಲಿಬಿಯೆ ಘಟ್ಟಗಳು. ಇನ್ನೇನು ಕಡಲು ಬಂತು ಎನ್ನುವಾಗ 1,607 ಮೀಟರ್‌ನ ತುರಿನಿ ಘಟ್ಟ. ಹೊರಡುವ ಎತ್ತರ, ಮುಟ್ಟುವ ಎತ್ತರ ಎರಡನ್ನೂ ಮರೆತು ದಿನದಿನದ ಒಟ್ಟು ಏರು ಎಷ್ಟು ಎಂದು ಕೇಳಿ. ಲೆಕ್ಕ ಅಲ್ಲಿಂದ ಶುರು.

ನನ್ನ ಲೆಕ್ಕ ಇದು. ಸಾಮಾನು ಹೊತ್ತ ಸೈಕಲ್ಲಿನಲ್ಲಿ ಗಂಟೆಗೆ 20 ಕಿ.ಮೀ. ಎಂದು ಹಿಡಿಯುತ್ತೇನೆ. ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 6 ನಿಮಿಷ ಸೇರಿಸುತ್ತೇನೆ. ಒಟ್ಟು ಬಂದದ್ದಕ್ಕೆ ಕಾಲು ಭಾಗ ನಿಲುಗಡೆ: ನೀರು, ಊಟ, ಪಂಕ್ಚರ್, ಸುಮ್ಮನೆ ನಿಂತು ನೋಡುವುದು. 90 ಕಿ.ಮೀ., 1,800 ಮೀಟರ್ ಏರಿರುವ ದಿನವನ್ನು ತೆಗೆದುಕೊಳ್ಳಿ. ದೂರಕ್ಕೆ ನಾಲ್ಕೂವರೆ ಗಂಟೆ, ಏರಿಗೆ 1 ಗಂಟೆ 48 ನಿಮಿಷ, ಸೇರಿ 6 ಗಂಟೆ 18 ನಿಮಿಷ. ನಿಲುಗಡೆ ಸೇರಿಸಿದರೆ ಹತ್ತಿರ ಹತ್ತಿರ ಎಂಟು ಗಂಟೆ. ಆರಕ್ಕೆ ಹೊರಟರೆ ಎರಡಕ್ಕೆ ಮುಟ್ಟಬಹುದು. ಒಂಬತ್ತಕ್ಕೆ ಹೊರಟರೆ ಐದಕ್ಕೆ, ಅದೂ ಎಲ್ಲ ನೆಟ್ಟಗಿದ್ದರೆ. ನಿಮ್ಮ ಕಾಲಿನ ವೇಗ ಬೇರೆಯಿರುತ್ತದೆ. ಹತ್ತಿರದಲ್ಲಿ ಒಂದು ಉದ್ದದ ಏರು ಹುಡುಕಿ, ಪೂರ್ತಿ ಸಾಮಾನು ಕಟ್ಟಿಕೊಂಡು ಒಮ್ಮೆ ಹತ್ತಿಳಿದು ಈ 20 ಮತ್ತು 6ನ್ನು ನಿಮಗೆ ತಕ್ಕಂತೆ ತಿದ್ದಿಕೊಳ್ಳಿ. ಖಾಲಿ ಸೈಕಲ್ಲಿನಲ್ಲಿ ಹತ್ತಿ ಬಂದ ಲೆಕ್ಕ ಉಪಯೋಗಕ್ಕಿಲ್ಲ.

100 ಕಿ.ಮೀ.ಗೆ 1,000 ಮೀಟರ್ ಏರು ಇದ್ದರೆ ಅದು ಗುಡ್ಡಗಾಡಿನ ದಿನ. 2,000 ದಾಟಿದರೆ ಬೆಟ್ಟದ ದಿನ, ಅಂಥದ್ದನ್ನು ಸಾಲಾಗಿ ಎರಡು ಇಟ್ಟುಕೊಳ್ಳಬೇಡಿ. ಮೊದಲ ದಿನ ಉತ್ಸಾಹದಲ್ಲಿ ಹೋಗುತ್ತದೆ, ಎರಡನೇ ದಿನ ಹಟದಲ್ಲಿ. ಮೂರನೇ ದಿನ ಕಾಲು ತನ್ನ ಬಾಕಿ ಕೇಳುತ್ತದೆ. ಆ ದಿನವನ್ನು ಉಳಿದ ದಿನಗಳ ಅರ್ಧಕ್ಕೆ ಇಳಿಸಿ ನೋಡಿ, ನಾಲ್ಕನೇ ದಿನ ಬೇರೆಯವರ ಕಾಲು ಸಿಕ್ಕಂತಿರುತ್ತದೆ.

ಇನ್ನು ಸರಾಸರಿ ಇಳಿಜಾರು ಎಂಬ ಮೋಸ. 10 ಕಿ.ಮೀ.ಗೆ 500 ಮೀಟರ್ ಏರು, ಸರಾಸರಿ ಶೇ. 5, ಹತ್ತಬಹುದು ಎನಿಸುತ್ತದೆ. ಆ ಹತ್ತರಲ್ಲಿ ಎರಡು ಕಿಲೋಮೀಟರ್ ಹಳ್ಳಕ್ಕಿಳಿದು 100 ಮೀಟರ್ ಕಳೆದಿದ್ದರೆ? ಉಳಿದ ಎಂಟು ಕಿಲೋಮೀಟರ್‌ನಲ್ಲಿ 600 ಮೀಟರ್ ಹತ್ತಬೇಕು, ಸರಾಸರಿಯೇ ಶೇ. 7.5 ಆಯಿತು. ಅದರೊಳಗೆ ಶೇ. 12ರ ತುಂಡೊಂದು ಅಡಗಿ ಕೂತಿರುತ್ತದೆ. ಅದಕ್ಕೇ ನಾನು ಆ್ಯಪ್ ತೋರಿಸುವ ದಾರಿಯ ಎತ್ತರದ ಗೆರೆಯನ್ನು ಹಿಗ್ಗಿಸಿ, ಒಂದೊಂದೇ ಕಿಲೋಮೀಟರ್ ನೋಡಿ, ಶೇ. 9 ದಾಟಿದ ತುಂಡುಗಳನ್ನಷ್ಟೇ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ.

ಆ ಎತ್ತರದ ಗೆರೆಯನ್ನೂ ಪೂರ್ತಿ ನಂಬುವಂತಿಲ್ಲ. ಒಂದೇ ದಾರಿಗೆ ಒಂದು ಆ್ಯಪ್ 1,640 ಮೀಟರ್ ಏರು ತೋರಿಸಿದರೆ ಇನ್ನೊಂದು 2,110 ಎಂದದ್ದುಂಟು. ಇದರ ಹಿಂದೊಂದು ಕಾರಣವಿದೆ. 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರಿನಿಂದ ಭೂಮಿಯ ಎತ್ತರ ಅಳೆಯಿತು. ಎಷ್ಟೋ ನಕ್ಷೆಗಳ ಬುಡದಲ್ಲಿರುವುದು ಆ ಅಳತೆಯೇ. ಅದರಲ್ಲಿ ನೆಲವೆಲ್ಲ ಚೌಕಚೌಕ, ಒಂದೊಂದು ಚೌಕ ಸುಮಾರು 30 ಮೀಟರ್. ಕಡಿದಾದ ಬೆಟ್ಟದ ಪಕ್ಕೆಯಲ್ಲಿ ಕೊರೆದ ರಸ್ತೆ ಚೌಕದಿಂದ ಚೌಕಕ್ಕೆ ದಾಟುವಾಗ ಲೆಕ್ಕದಲ್ಲಿ ಸುಮ್ಮನೆ ಏರಿಳಿಯುತ್ತದೆ. ಆ್ಯಪ್‌ಗಳು ಈ ನಡುಕವನ್ನು ಸವರಿ ನಯ ಮಾಡುತ್ತವೆ, ಒಂದೊಂದು ಒಂದೊಂದು ರೀತಿಯಲ್ಲಿ. ಸುರಂಗವಿದ್ದರಂತೂ ನಗೆಪಾಟಲು: ರಸ್ತೆ ಬೆಟ್ಟದ ಹೊಟ್ಟೆಯೊಳಗೆ ಹೋಗುತ್ತಿದ್ದರೆ ಲೆಕ್ಕ ಬೆಟ್ಟದ ನೆತ್ತಿ ಹತ್ತಿ ಇಳಿಯುತ್ತದೆ. ಗೆರೆಯಲ್ಲಿ ಗೋಡೆಯಂಥ ಏರು ಕಂಡರೆ ಗಾಬರಿಯಾಗುವ ಮೊದಲು ಅಲ್ಲಿ ಸುರಂಗವೋ ಎತ್ತರದ ಸೇತುವೆಯೋ ಇದೆಯೇ ನೋಡಿ.

ಸುರಂಗ ಎಂದಾಗ ನೆನಪಾಯಿತು: ಅದರೊಳಗೆ ಸೈಕಲ್ ಬಿಡುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ನಾರ್ವೆಯಲ್ಲಿ ಎಷ್ಟೋ ಸುರಂಗಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಬಳಸುದಾರಿ ಇಲ್ಲದಿದ್ದರೆ ಇಡೀ ಯೋಜನೆಯೇ ಅಲ್ಲಿಗೆ ನಿಂತಿತು. ಎತ್ತರದ ಘಟ್ಟಗಳು ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತವೆ. ತೆರೆಯುವುದು ರಸ್ತೆಯ ಇಲಾಖೆ ಹಿಮ ಬಗೆದ ಮೇಲೆ, ನಿಮ್ಮ ರಜೆ ನೋಡಿಕೊಂಡಲ್ಲ.

ಎಲ್ಲಿ ಮಲಗುವುದು

ಏರಿನ ಬುಡದಲ್ಲಿ ಮಲಗಬೇಕೋ ನೆತ್ತಿಯಲ್ಲೋ ಎಂದು ಸೈಕಲ್ಲಿನವರು ಜಗಳವಾಡುತ್ತಾರೆ. ನಾನು ಬುಡದ ಪಕ್ಷ. ಬೆಳಿಗ್ಗೆ ತಂಪಿನಲ್ಲಿ, ಹೊಸ ಕಾಲಿನಲ್ಲಿ, ಗಾಳಿ ಏಳುವ ಮೊದಲು ದೊಡ್ಡ ಏರು ಮುಗಿಯುತ್ತದೆ. ಬೇಸಿಗೆಯ ಬೆಟ್ಟಗಳಲ್ಲಿ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಅಷ್ಟರಲ್ಲಿ ನೀವು ನೆತ್ತಿ ದಾಟಿರುತ್ತೀರಿ. ನೆತ್ತಿಯಲ್ಲಿ ಮಲಗಿದವನು ಬೆಳಿಗ್ಗೆ ಎದ್ದು, ಇನ್ನೂ ಬಿಸಿಯಾಗದ ಮಂಡಿಯಲ್ಲಿ, ಚಳಿಯಲ್ಲಿ ನಡುಗುತ್ತ, ಇಬ್ಬನಿ ಬಿದ್ದ ತಿರುವುಗಳಲ್ಲಿ ಇಳಿಯಬೇಕು. ನೋಟ ಚೆನ್ನಾಗಿರುತ್ತದೆ, ಒಪ್ಪುತ್ತೇನೆ.

ರಾತ್ರಿ ಉಳಿಯುವ ಊರುಗಳನ್ನು ಗುರುತಿಸಿದ ಮೇಲೆ ಪ್ರತಿ ದಿನಕ್ಕೂ ಒಂದು ‘ಸಾಕಪ್ಪ’ ಊರು ಗುರುತಿಸಿ. ಅರ್ಧ ದಾರಿಯಲ್ಲಿ ಮಂಡಿ ಕೈಕೊಟ್ಟರೆ, ಮಳೆ ಹೊಡೆದರೆ, ಅಲ್ಲಿ ನಿಂತುಬಿಡಬಹುದು ಅಥವಾ ಅಲ್ಲಿಂದ ಬಸ್ಸು ಹಿಡಿಯಬಹುದು. ಅದರ ಹೆಸರು ಮೊದಲೇ ಬರೆದಿಟ್ಟರೆ ನಿಲ್ಲಲು ನಾಚಿಕೆಯಾಗುವುದಿಲ್ಲ, ಯೋಜನೆಯಂತೆಯೇ ನಿಂತ ಹಾಗೆ. ಕಣಿವೆಯೊಳಗೆ ಸೂರ್ಯ ಬೆಟ್ಟದ ಹಿಂದೆ ಮುಂಚೆಯೇ ಮರೆಯಾಗುತ್ತಾನೆ ಎಂಬುದೂ ನೆನಪಿರಲಿ. ಪಂಚಾಂಗದ ಸೂರ್ಯಾಸ್ತ ಬಯಲಿನವರಿಗೆ.

ರಸ್ತೆಯನ್ನು ಕಣ್ಣಲ್ಲಿ ನೋಡಿ

ಆ್ಯಪ್ ಹಾಕಿಕೊಟ್ಟ ಗೆರೆಯನ್ನು ಹಾಗೇ ನಂಬಿ ಹೋಗಿ ಒಮ್ಮೆ ನಾನು ಮೂರು ಕಿಲೋಮೀಟರ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತಿದ್ದೇನೆ. ಹೆದ್ದಾರಿ ತಪ್ಪಿಸಿ ಕೊಡು ಎಂದು ಕೇಳಿದ್ದೆ, ಅದು ತಪ್ಪಿಸಿಕೊಟ್ಟಿತು: ದನ ಹೋಗುವ ದಾರಿ, ನಡುನಡುವೆ ತಲೆಯಷ್ಟು ದಪ್ಪದ ಕಲ್ಲು. ಈಗ ಗೆರೆ ಹಾಕಿದ ಮೇಲೆ ಒಂದು ಸಂಜೆ ಪೂರ್ತಿ ಅದರ ಗುಂಟ ಉಪಗ್ರಹ ಚಿತ್ರದಲ್ಲಿ ಹೋಗುತ್ತೇನೆ. ಡಾಂಬರು ಬೂದು ಅಥವಾ ಕಪ್ಪು, ಅಂಚು ನೆಟ್ಟಗೆ. ಮಣ್ಣು ರಸ್ತೆ ಕಂದು ಅಥವಾ ಬಿಳಿ, ಅಂಚು ಹರಿದಿರುತ್ತದೆ. ಅನುಮಾನ ಬಂದಲ್ಲಿ ಸ್ಟ್ರೀಟ್ ವ್ಯೂ ತೆರೆಯುತ್ತೇನೆ, ಅದರ ಚಿತ್ರ ತೆಗೆದ ವರ್ಷವನ್ನೂ ನೋಡುತ್ತೇನೆ. ಜನರೇ ಸೇರಿ ಕಟ್ಟಿದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಷ್ಟೋ ರಸ್ತೆಗಳಿಗೆ ಮೇಲ್ಮೈ ಎಂಥದ್ದೆಂದು ಜನ ಗುರುತು ಹಾಕಿರುತ್ತಾರೆ. ಸುಳಿವೇ ಇಲ್ಲದ ರಸ್ತೆ ಉಳಿದರೆ, ತೆಳು ಟೈರಿನ ಸೈಕಲ್ಲಿಗೆ ಅದು ಮಣ್ಣು ರಸ್ತೆಯೇ ಎಂದು ಹಿಡಿದು ಬಿಟ್ಟುಬಿಡುತ್ತೇನೆ.

ದಾರಿಯ ಗೆರೆ ಉಳಿಸಿಟ್ಟ ಜಿಪಿಎಕ್ಸ್ ಫೈಲನ್ನು ದಿನಕ್ಕೊಂದರಂತೆ ತುಂಡು ಮಾಡಿ, ಸೈಕಲ್ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಇಟ್ಟುಕೊಳ್ಳಿ. ಆಫ್‌ಲೈನ್ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಗೇರು ಮತ್ತು ಮೂಟೆ

ದಾರಿ ಗಟ್ಟಿಯಾದ ಮೇಲೆ ಸೈಕಲ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು. ನಾನು, ಸೈಕಲ್ಲು, ಮೂಟೆ, ನೀರು ಸೇರಿ 84 ಕೆ.ಜಿ. ನನ್ನ ಅತಿ ಸಣ್ಣ ಗೇರು ಮುಂದೆ 34 ಹಲ್ಲು, ಹಿಂದೆ 34 ಹಲ್ಲು: ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 50 ಸುತ್ತು ತುಳಿದರೆ ಗಂಟೆಗೆ 6.3 ಕಿ.ಮೀ. ಶೇ. 10ರ ಏರಿನಲ್ಲಿ ಅಷ್ಟಕ್ಕೇ ಸುಮಾರು 155 ವ್ಯಾಟ್ ಬೇಕು. ಹಿಂದಿನ ದೊಡ್ಡ ಹಲ್ಲು 28 ಆಗಿದ್ದರೆ, ಅದೇ 50 ಸುತ್ತಿಗೆ ಹತ್ತಿರ ಹತ್ತಿರ 190 ವ್ಯಾಟ್. ಇಲ್ಲದಿದ್ದರೆ ಸುತ್ತು ನಲವತ್ತಕ್ಕೆ ಇಳಿದು ಮಂಡಿ ಕಿರುಗುಟ್ಟುತ್ತದೆ. ಒಂದು ಏರಿಗೆ ಇದು ಹಟದ ವಿಷಯ, ಐದು ದಿನಕ್ಕೆ ಆಸ್ಪತ್ರೆಯ ವಿಷಯ. ಸೈಕಲ್ಲಿನ ತೂಕ ಒಂದು ಕಿಲೋ ಇಳಿಸಲು ಖರ್ಚು ಮಾಡುವ ದುಡ್ಡಿನ ಸಣ್ಣದೊಂದು ಪಾಲಿನಲ್ಲಿ ದೊಡ್ಡ ಹಲ್ಲಿನ ಕ್ಯಾಸೆಟ್, ಎಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬರುತ್ತದೆ. ಹಾಕಿಸಿಕೊಳ್ಳಿ. ಹಾಕಿಸುವ ಮೊದಲು ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ದಾಟಿಸುವ ನಿಮ್ಮ ಹಿಂದಿನ ಡೀರೇಲರ್ ಅಷ್ಟು ದೊಡ್ಡ ಹಲ್ಲು ತಡೆಯುತ್ತದೆಯೇ ಎಂದು ಕೇಳಿಕೊಳ್ಳಿ, ಅಷ್ಟೆ.

ಮೂಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸಿಗೆಯ ಮೇಲೆ ಎಲ್ಲ ಹರಡಿ, ‘ಬೇಕಾಗಬಹುದು’ ಎಂದು ಇಟ್ಟದ್ದನ್ನೆಲ್ಲ ವಾಪಸ್ ಕಪಾಟಿಗೆ ಸೇರಿಸಿ. ಮಳೆ ಕೋಟು, ಎರಡು ಟ್ಯೂಬು, ಪಂಪು, ಚೈನ್ ಕೂಡಿಸುವ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್ ಇವು ಮಾತ್ರ ಕಪಾಟಿಗೆ ಹೋಗಕೂಡದು. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸೆಕೆಯಿದ್ದರೆ ಇನ್ನೂ ಹೆಚ್ಚು. ತಿನ್ನುವುದು ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಷ್ಟು, ಹಸಿವಾಗುವ ಮೊದಲೇ. ನೀರು ಸಿಗುವ ಕೊನೆಯ ಜಾಗ ಪ್ರತಿ ಏರಿನ ಕೆಳಗೆ ಎಲ್ಲಿದೆ ಎಂದು ನಕ್ಷೆಯಲ್ಲಿ ಚುಕ್ಕಿ ಇಟ್ಟುಕೊಳ್ಳಿ.

ಇಳಿಯುವುದೂ ಕೆಲಸವೇ

ಜೊತೆಗೆ ಬರುವ ನನ್ನ ಗೆಳೆಯನೊಬ್ಬ ಭಯಸ್ಥ, ಇಳಿಜಾರಿನ ಉದ್ದಕ್ಕೂ ಬ್ರೇಕ್ ಹಿಡಿದೇ ಇರುತ್ತಿದ್ದ. ಒಂದು ಘಟ್ಟದಲ್ಲಿ ಏಳನೇ ತಿರುವಿಗೆ ಬಂದೂಕು ಹಾರಿದಂಥ ಸದ್ದಾಗಿ ಅವನ ಮುಂದಿನ ಟ್ಯೂಬು ಸಿಡಿಯಿತು. ಪುಣ್ಯಕ್ಕೆ ನಿಧಾನದಲ್ಲಿದ್ದ, ಹುಲ್ಲಿಗೆ ಬಿದ್ದ. ಬ್ರೇಕ್ ಒತ್ತಿ ಹಿಡಿಯುವ ಚಕ್ರದ ಅಂಚು, ಆ ರಿಮ್ ಮುಟ್ಟಲು ಹೋಗಿ ನನ್ನ ಬೆರಳು ಚುರುಕ್ಕೆಂದಿತು.

84 ಕೆ.ಜಿ. 1,000 ಮೀಟರ್ ಇಳಿದರೆ ಹೊರಬರುವ ಶಕ್ತಿ ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರುವಷ್ಟು. ಅದು ಎಲ್ಲಿಗಾದರೂ ಹೋಗಲೇಬೇಕು. ಒಂದು ಪಾಲನ್ನು ಎದುರಿನ ಗಾಳಿ ತಿನ್ನುತ್ತದೆ, ಉಳಿದದ್ದು ಬ್ರೇಕಿಗೆ. ನಿಧಾನವಾಗಿ ಹೋದಷ್ಟೂ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಹೆಚ್ಚು. ಭಯಸ್ಥನ ರಿಮ್ ಧೈರ್ಯಸ್ಥನ ರಿಮ್ಮಿಗಿಂತ ಬಿಸಿಯಾಗುವುದು ಇದಕ್ಕೇ. ಹಾಗೆಂದು ಹುಚ್ಚು ವೇಗದಲ್ಲಿ ಬಿಡಿ ಎನ್ನುತ್ತಿಲ್ಲ. ನೇರ ರಸ್ತೆಯಲ್ಲಿ ಬಿಟ್ಟು, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಒತ್ತು, ಬಿಡು, ಒತ್ತು, ಬಿಡು. ಬಿಟ್ಟಾಗಲೆಲ್ಲ ರಿಮ್ಮಿಗೆ ಉಸಿರು. ಡಿಸ್ಕ್ ಬ್ರೇಕಿನವರಿಗೆ ಟ್ಯೂಬಿನ ಚಿಂತೆಯಿಲ್ಲ, ಆದರೆ ಮಳೆಯಲ್ಲಿ ಪ್ಯಾಡ್ ಸವೆಯುವ ವೇಗ ನೋಡಿದರೆ ಎದೆ ಝಲ್ಲೆನ್ನುತ್ತದೆ. ಯೋಜನೆ ಹಾಕುವಾಗಲೇ ಪ್ರತಿ 400 ಮೀಟರ್ ಇಳಿತಕ್ಕೊಂದು ನಿಲ್ಲುವ ಜಾಗ ಗುರುತಿಸಿ, ಕೈಬೆರಳಿಗೂ ವಿಶ್ರಾಂತಿ ಬೇಕು.

ಚಳಿಯ ಲೆಕ್ಕವೂ ಇದೆ. 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ವ್ಯತ್ಯಾಸ. 2,000 ಮೀಟರ್‌ನಿಂದ 200ಕ್ಕೆ ಇಳಿದರೆ ಹತ್ತಿರ ಹತ್ತಿರ 12 ಡಿಗ್ರಿ. ನೆತ್ತಿಯಲ್ಲಿ ಬೆವರಿನಿಂದ ಒದ್ದೆಯಾದ ಅಂಗಿಯಲ್ಲೇ ಇಳಿದರೆ ಕೆಳಗೆ ಮುಟ್ಟುವಷ್ಟರಲ್ಲಿ ಬ್ರೇಕ್ ಹಿಡಿಯುವ ಬೆರಳು ಮರಗಟ್ಟಿರುತ್ತದೆ. ಕೋಟು ನೆತ್ತಿಯಲ್ಲೇ ಹಾಕಿಕೊಳ್ಳಿ, ಚಳಿಯಾದ ಮೇಲಲ್ಲ. ಕೋಟಿಲ್ಲದಿದ್ದರೆ ಹಳೇ ಪೇಪರನ್ನು ಅಂಗಿಯೊಳಗೆ ಎದೆಗೆ ತುರುಕಿಕೊಳ್ಳಿ. ರೇಸಿನವರು ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಉಪಾಯ, ನನಗೂ ಎರಡು ಸಲ ಕೆಲಸ ಮಾಡಿದೆ.

ಒಂದು ಪಟ್ಟಿ ಕಾಗದ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಹೊರಡುವ ಹಿಂದಿನ ರಾತ್ರಿ ದಿನಕ್ಕೊಂದರಂತೆ ಎರಡು ಬೆರಳಗಲದ ಕಾಗದದ ಪಟ್ಟಿ ಕತ್ತರಿಸಿ ಬರೆಯುತ್ತೇನೆ. ಹೊರಡುವ ಗಂಟೆ, ಏರು ಶುರುವಾಗುವ ಕಿಲೋಮೀಟರು, ಕೆಂಪು ತುಂಡುಗಳು, ಕೊನೆಯ ನೀರು, ‘ಸಾಕಪ್ಪ’ ಊರು, ಮುಟ್ಟುವ ಗಂಟೆ. ಮೇಲೆ ಸೆಲ್ಲೊ ಟೇಪು ಸುತ್ತಿ ಹ್ಯಾಂಡಲಿನ ನಡುವೆ ಅಂಟಿಸಿದರೆ ಮಳೆಗೂ ಅಳಿಯುವುದಿಲ್ಲ, ಬ್ಯಾಟರಿಯೂ ಬೇಡ. ಹೋದ ಸಲದ ಕೊನೆಯ ದಿನದ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: ‘5:30 ಹೊರಡು. 44 ಕಿ.ಮೀ. ಏರು 210. ಗಾಳಿ 11ಕ್ಕೆ.’ ನಾನು ದಂಡೆ ಮುಟ್ಟಿದ್ದು ಎಂಟೂಕಾಲಿಗೆ.

ಮನೆಯಿಂದ ಹೊರಡುವ ಮೊದಲು ಇನ್ನೊಂದು ಕೆಲಸ, ಯಾರೂ ಹೇಳುವುದಿಲ್ಲ. ಎರಡೂ ಪೆಡಲ್ ಬಿಚ್ಚಿ, ಥ್ರೆಡ್ಡಿಗೆ ಒಂದಿಷ್ಟು ಗ್ರೀಸ್ ಸವರಿ ಮತ್ತೆ ಹಾಕಿ. ವಾಪಸ್ ಬರುವಾಗ ಸೈಕಲ್ಲನ್ನು ಪೆಟ್ಟಿಗೆಗೆ ಹಾಕಲು ಅವು ಬಿಚ್ಚಲೇಬೇಕು. ಐದು ದಿನ ತುಳಿದು ಬಿಗಿದುಕೊಂಡ ಪೆಡಲ್ ರೈಲು ಬರುವ ಹೊತ್ತಿಗೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಎಡಗಡೆಯದು ಉಲ್ಟಾ ಥ್ರೆಡ್ಡು, ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು.